ಹಿಟ್ಟ ಐತೇನ?

2021ರ ಫೆಬ್ರುವರಿ. ದೊಡ್ಡವ್ವನ ಮಗ ಡಲ್ಲಾಸಿನಿಂದ ವಿಡಿಯೊ ಕಾಲ್ ಮಾಡಿದ್ದ. ಹಿಮದ ಬಿರುಗಾಳಿ ಬರುತ್ತೆ ಅಂತ ಟಿವಿಯಲ್ಲಿ ಹೇಳಿದ್ದೇ ತಡ, ಇಡೀ ಊರು ಅಂಗಡಿಗೆ ನುಗ್ಗಿತ್ತಂತೆ. ಇವನು ಮೀಟಿಂಗ್ ಮುಗಿಸಿ ಹೋಗುವಷ್ಟರಲ್ಲಿ ಬ್ರೆಡ್ಡು, ಹಾಲು, ಮೊಟ್ಟೆ ಎಲ್ಲ ಖಾಲಿ. ಆ ಖಾಲಿ ರ್‍ಯಾಕುಗಳನ್ನೇ ಪ್ರವಾಸಿ ತಾಣ ತೋರಿಸೋ ಥರ ಕ್ಯಾಮೆರಾದಲ್ಲಿ ತೋರಿಸ್ತಿದ್ದ. ಇತ್ತ ವಿಜಯಪುರದ ಜಲನಗರದ ನಮ್ಮ ಮನೆಯಲ್ಲಿ ಅವ್ವ ಫೋನ್ ಕಸಿದುಕೊಂಡು ಕೇಳಿದಳು:

"ತಮ್ಮಾ, ಮನ್ಯಾಗ ಹಿಟ್ಟ ಐತೇನ?"

ಇರಲಿಲ್ಲ.

"ಗಂಡ ಹೆಂಡ್ತಿ ಇಬ್ಬರೂ ಅಷ್ಟ ಪಗಾರ ತಗೊಂಡು ಮನ್ಯಾಗ ಹಿಟ್ಟಿಲ್ಲಂದ್ರ ಹೆಂಗೊ?"

ನಾವೆಲ್ಲ ನಕ್ಕೆವು. ಮರುದಿನದಿಂದ ನಗು ಬರಲಿಲ್ಲ. ಡಲ್ಲಾಸ್ ಮೈನಸ್ 19 ಡಿಗ್ರಿಗೆ ಇಳಿಯಿತು. ಟೆಕ್ಸಾಸಿನಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆಗಳ ಕರೆಂಟ್ ಹೋಯಿತು. 246 ಜನ ಸತ್ತರು ಅಂತ ಆ ರಾಜ್ಯವೇ ಆಮೇಲೆ ಲೆಕ್ಕ ಕೊಟ್ಟಿತು. ದೊಡ್ಡವ್ವನ ಮಗನ ಮನೆಯಲ್ಲಿ ಒಲೆಯೂ ಕರೆಂಟಿನದೇ.

ನಿಜ ಹೇಳಬೇಕಂದ್ರೆ ನಾನು ನಗಬಾರದಿತ್ತು. ಅದಕ್ಕೂ ಹನ್ನೊಂದು ತಿಂಗಳ ಹಿಂದೆ, ಬೆಂಗಳೂರಿನಲ್ಲಿ, ನಾನೂ ಅಂಥದ್ದೇ ರ್‍ಯಾಕಿನ ಮುಂದೆ ನಿಂತಿದ್ದೆ. ಬೇಕಿದ್ದು ಸಿಕ್ಕವರ ಸಾಲಿನಲ್ಲಿ.

2020ರ ಮಾರ್ಚ್ 24, ರಾತ್ರಿ 8 ಗಂಟೆಗೆ ಪ್ರಧಾನಿ ಭಾಷಣ. ಅವತ್ತು ಮಧ್ಯರಾತ್ರಿಯಿಂದ 21 ದಿನ ದೇಶಕ್ಕೇ ಬೀಗ. ಕೊಟ್ಟ ಟೈಮು ನಾಲ್ಕು ತಾಸು. ಅಗತ್ಯ ವಸ್ತು ಸಿಗುತ್ತವೆ, ಗಾಬರಿ ಬೇಡ ಅನ್ನೋ ಟ್ವೀಟು ಭಾಷಣ ಮುಗಿದ ಮೇಲೆ ಬಂತು. ಅಷ್ಟರಲ್ಲಿ ನಾನು ಲಿಫ್ಟಿನಲ್ಲಿದ್ದೆ. ಮನೆ ಹತ್ತಿರದ ಅಂಗಡಿಯಲ್ಲಿ 15 ಕೆಜಿ ಅಕ್ಕಿ, 6 ಕೆಜಿ ತೊಗರಿಬೇಳೆ, 8 ಪ್ಯಾಕೆಟ್ ಎಣ್ಣೆ, ಲೆಕ್ಕ ಇಡದಷ್ಟು ನೂಡಲ್ಸು ಹೊತ್ತುಕೊಂಡೆ. ಇಬ್ಬರು ರೂಮ್‌ಮೇಟುಗಳು ಆಗಲೇ ಊರಿಗೆ ಹೋಗಿದ್ದರು. ಮನೆಯಲ್ಲಿದ್ದವನು ನಾನೊಬ್ಬ.

ನನ್ನ ಹಿಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಪಕ್ಕದ ಕಟ್ಟಡದ ಕೆಲಸಕ್ಕೆ ಬಂದು, ಅಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದವಳು. ಮಾತು ಕೇಳಿದರೆ ನಮ್ಮ ಕಡೆಯವಳೇ. "ಅಣ್ಣಾರ, ಪಾವಕಿಲೊ ಬ್ಯಾಳಿ ಕೊಡ್ರಿ, ಒಂದು ಸಣ್ಣ ಪಾಕೀಟ ಎಣ್ಣಿ" ಅಂದಳು. ಅಂಗಡಿಯವನು ಬೇಳೆ ಖಾಲಿ ಅಂದ. ಬೇಳೆ ಖಾಲಿಯಾಗಿರಲಿಲ್ಲ, ನನ್ನ ಚೀಲದಲ್ಲಿತ್ತು. ನಾನು ಫೋನ್ ನೋಡ್ತಾ ಹೊರಗೆ ಬಂದೆ.

ಇದನ್ನ ಬರೆಯೋಕೆ ಇಷ್ಟು ವರ್ಷ ಬೇಕಾಯ್ತು. ಯಾಕೆ ಬರೀತಿದ್ದೀನಿ ಅಂದ್ರೆ, ಇಂಥ ಪ್ರತಿ ಸಲ ನಮ್ಮಲ್ಲಿ ಎರಡೇ ಥರದ ಉಪದೇಶ ಶುರುವಾಗುತ್ತೆ. "ಜನ ದುರಾಸೆಯವರು, ಪ್ಯಾನಿಕ್ ಬೈಯಿಂಗ್ ಮಾಡ್ತಾರೆ" ಅನ್ನೋದು ಒಂದು. "ಎಲ್ಲಾ ಆ್ಯಪಲ್ಲಿ ಸಿಗುತ್ತಪ್ಪ, ಮನೇಲಿ ಯಾಕೆ ಗೋಡೌನ್ ಮಾಡ್ಕೋತೀರಿ" ಅನ್ನೋದು ಇನ್ನೊಂದು. ತಮಾಷೆ ಏನಂದ್ರೆ ಎರಡನ್ನೂ ಹೇಳೋರು ಒಬ್ಬರೇ. ಜೂನ್‌ನಲ್ಲಿ ಎರಡನೇದು, ಮಳೆ ನೀರು ಲಾಬಿಗೆ ಬಂದ ದಿನ ಮೊದಲನೇದು.

ಜಲನಗರದ ನಮ್ಮ ಮನೆಯಲ್ಲಿ ಎರಡು ಕ್ವಿಂಟಲ್ ಬಿಳಿಜೋಳ ಯಾವಾಗಲೂ ಇರುತ್ತೆ. ಹಿಂಗಾರಿ ಜೋಳದ ರಾಶಿ ಆಗೋದು ಫೆಬ್ರುವರಿ, ಮಾರ್ಚಿನಲ್ಲಿ. ಆಗ ತರಬೇಕು, ಬಿಸಿಲಿಗೆ ಹರವಬೇಕು, ಬೇವಿನ ಎಲೆ ಹಾಕಿ ತಗಡಿನ ಕಣಜಕ್ಕೆ ಸುರಿಯಬೇಕು. ತೊಗರಿಗೆ ಔಡಲೆಣ್ಣೆ ಸವರಿ ಇಡಬೇಕು. ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆ, ವರ್ಷದ ಖಾರಪುಡಿ. ಜೋಳವನ್ನ ಕಾಳಾಗಿಯೇ ಇಡಬೇಕು, ಹಿಟ್ಟು ಮಾಡಿಟ್ಟರೆ ಕೆಲವೇ ವಾರಗಳಲ್ಲಿ ಕಹಿ ಬರುತ್ತೆ. ಅದಕ್ಕೇ ವಾರಕ್ಕೊಮ್ಮೆ ಗಿರಣಿ. ಸುಟ್ಟು ಒಣಗಿಸಿದ ಕಡಕ್ ರೊಟ್ಟಿಯಂತೂ ತಿಂಗಳುಗಟ್ಟಲೆ ಕೆಡಲ್ಲ. ಜೊತೆಗೆ ಶೇಂಗಾ ಹಿಂಡಿ ಇದ್ದರೆ ಒಲೆಯೇ ಬೇಡ. 2018ರಲ್ಲಿ ಕೊಡಗು ಕುಸಿದಾಗ ನಮ್ಮ ಕಡೆಯಿಂದ ಚೀಲಗಟ್ಟಲೆ ಹೋಗಿದ್ದೂ ಇದೇ ರೊಟ್ಟಿ.

ನನ್ನ ಅಜ್ಜನ ಊರು ಬಬಲೇಶ್ವರದ ಕಡೆ. ಅಲ್ಲಿ ಮನೆ ಮುಂದೆ ಹಗೇವು ಇತ್ತು. ನೋಡದವರಿಗೆ ಹೇಳ್ತೀನಿ: ನೆಲದೊಳಗೆ ತೋಡಿದ, ಬಾಯಿ ಸಣ್ಣ, ಹೊಟ್ಟೆ ದೊಡ್ಡ ಗುಂಡಿ. ಒಳಗೆಲ್ಲ ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಒಳಗಿನ ಗಾಳಿಯ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತೆ, ಹುಳುವೂ ಉಸಿರಾಡೋಕಾಗದೆ ಸಾಯುತ್ತೆ. ವರ್ಷಗಟ್ಟಲೆ ಜೋಳ ಉಳಿಯುತ್ತಿತ್ತು. ಬಾಯಿ ತೆಗೆದ ತಕ್ಷಣ ಇಳಿದರೆ ಮನುಷ್ಯನೂ ಸಾಯ್ತಾನೆ. ಅದಕ್ಕೇ ಬಾಯಿ ತೆಗೆದು ಹೊತ್ತು ಬಿಟ್ಟು, ಮೊದಲು ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ.

ಅವ್ವನ ಎರಡು ಕ್ವಿಂಟಲ್ಲು ಯಾರ ತಟ್ಟೆಯಿಂದಲೂ ಬಂದದ್ದಲ್ಲ. ರಾಶಿ ಬಂದಾಗ, ಮಾರ್ಕೆಟ್ ತುಂಬಿ ರೇಟು ಬಿದ್ದಾಗ ಕೊಂಡದ್ದು. ಬೆಳೆದವನಿಗೂ ಅದರಿಂದ ಒಂದಿಷ್ಟು ಆಸರೆ. ನನ್ನ 6 ಕೆಜಿ ಬೇಳೆ ಅವ್ವನ ಕಣಜದ ಮುಂದೆ ಏನೂ ಅಲ್ಲ, ಆದರೆ ಅದು ಇನ್ನೊಬ್ಬಳ ಪಾವಕಿಲೊ ಕಿತ್ತುಕೊಂಡಿತು. ಎಷ್ಟು ಕೊಂಡೆ ಅನ್ನೋದು ಪ್ರಶ್ನೆಯೇ ಅಲ್ರೀ, ಯಾವತ್ತು ಕೊಂಡೆ ಅನ್ನೋದು ಪ್ರಶ್ನೆ. ಕೈಯಲ್ಲಿ ಪಗಾರ ಇದ್ದೂ ಇಡೀ ವರ್ಷ ಖಾಲಿ ಕಿಚನ್ ಇಟ್ಟುಕೊಂಡು, ಸುದ್ದಿ ಬಂದ ರಾತ್ರಿ ಅಂಗಡಿಗೆ ನುಗ್ಗುವವನೇ ನಿಜವಾದ ಹೋರ್ಡರ್. ಅದು ನಾನು. ಬಹುಶಃ ನೀವೂ.

"ಹಗೇವಿನ ಕಾಲದ ಗುಣಗಾನ ಬೇಡ" ಅಂತೀರಿ. ಸರಿ. ಹಗೇವು ಇದ್ದದ್ದು ಹೊಲ ಇದ್ದವರ ಮನೆ ಮುಂದೆ. ಇಲ್ಲದವರು ಕಡ ಕೇಳಿ ಬಂದು ಜೋಳಕ್ಕೆ ಜೋಳವನ್ನೇ ಬಡ್ಡಿ ಕೊಟ್ಟರು, ಇಲ್ಲವೇ ಮೈಮುರಿದು ದುಡಿದು ತೀರಿಸಿದರು. 1876–78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದ್ರೆ ಇವತ್ತಿನ ನಮ್ಮ ಸೀಮೆ, ಹೆಣಗಳ ರಾಶಿ ಕಂಡಿತು. ಮೊದಲು ಸತ್ತವರು ಕೂಡಿಡೋಕೆ ಏನೂ ಇಲ್ಲದವರೇ. ನಾನು ಅದನ್ನ ಮರೆಸೋಕೆ ಹೊರಟಿಲ್ಲ. ಆದರೆ ಆ ಅನ್ಯಾಯ ಹೋಗಿದೆ ಅಂತ ಯಾರು ಹೇಳಿದರು? ಶೆಡ್ಡಿನ ಆ ಹೆಣ್ಣುಮಗಳು ಪಾವಕಿಲೊ ಕೊಳ್ಳೋದು ಮಿನಿಮಲಿಸಂ ಓದಿ ಅಲ್ಲ, ಕೂಲಿ ದಿನಕ್ಕೊಮ್ಮೆ ಸಿಗುತ್ತೆ ಅಂತ. ನಾವು ಮಾತ್ರ ತಿಂಗಳ ಸಂಬಳ ಎಣಿಸಿಕೊಂಡೂ ಅವಳ ಥರ ಹೊತ್ತಿನ ಲೆಕ್ಕದಲ್ಲಿ ಕೊಳ್ತೀವಿ, ಅದಕ್ಕೆ ಸ್ಮಾರ್ಟ್ ಅಂತ ಹೆಸರಿಟ್ಟುಕೊಂಡಿದ್ದೀವಿ.

ಆ ವರ್ಷ ಸರ್ಕಾರ ರೇಷನ್ ಕಾರ್ಡಿನ ಪ್ರತಿ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ ಪುಕ್ಕಟೆ ಕೊಟ್ಟಿತಲ್ಲ, ಅದೇನು ಹತ್ತು ನಿಮಿಷದಲ್ಲಿ ಬಂದದ್ದಾ? ಅದಕ್ಕೂ ಮುಂಚಿನ ಸುಗ್ಗಿಗಳಲ್ಲಿ ಕೊಂಡು ಎಫ್‌ಸಿಐ ಗೋದಾಮಿನಲ್ಲಿ ಪೇರಿಸಿಟ್ಟಿದ್ದ ಚೀಲಗಳು ಅವು. ದೇಶಕ್ಕೊಂದು ಹಗೇವು ಬೇಕು, ನಮ್ಮ ಫ್ಲ್ಯಾಟಿಗೆ ಬೇಡವಾ?

ಹತ್ತು ನಿಮಿಷದ ಆ್ಯಪ್ ಮಾಡಿದ್ದೂ ಉಗ್ರಾಣವನ್ನ ಇಲ್ಲವಾಗಿಸೋ ಕೆಲಸವಲ್ಲ. ನಮ್ಮ ಅಟ್ಟದ ಮೇಲಿದ್ದದ್ದನ್ನ ತನ್ನ ಶೆಟರ್ ಎಳೆದ ಅಂಗಡಿಗೆ ಸಾಗಿಸಿತು, ಅಷ್ಟೇ. ಬೀಗದ ಕೈ ಈಗ ನಮ್ಮ ಹತ್ತಿರ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿ ಐಟಿಯವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರಲ್ಲ, ಆ ದಿನ ನನ್ನ ಫೋನಿನಲ್ಲಿ ಬಂದದ್ದು "ನಿಮ್ಮ ಪ್ರದೇಶದಲ್ಲಿ ಸದ್ಯ ಸೇವೆ ಲಭ್ಯವಿಲ್ಲ" ಅನ್ನೋ ಮೆಸೇಜು. ನಮ್ಮ ಗೆಳೆಯರ ಗ್ರೂಪಿನಲ್ಲಿ ಕೆಲವರು ಸಿಟ್ಟಾದರು. ಮೊಣಕಾಲು ನೀರಿನಲ್ಲಿ ಗಾಡಿ ತಳ್ಳಿಕೊಂಡು ಒಬ್ಬ ಹುಡುಗ ಕೊತ್ತಂಬರಿ ತಂದುಕೊಡಬೇಕಿತ್ತು ಅಂತಲಾ?

ಜಾಗ ಇಲ್ಲ ಅನ್ನೋದು ಅರ್ಧ ನಿಜ. ಒಂದು ಬೆಡ್‌ರೂಮಿನ ಮನೆಯಲ್ಲಿ ಎರಡು ಕ್ವಿಂಟಲ್ ಇಡೋಕೆ ಆಗಲ್ಲ. ಆದರೆ 20 ಕೆಜಿ ಜೋಳ, ಐದು ಕೆಜಿ ಬೇಳೆ ಮಂಚದ ಕೆಳಗೆ ಹಿಡಿಯುತ್ತೆ. ಟ್ರೆಡ್‌ಮಿಲ್‌ಗೆ ಜಾಗ ಸಿಕ್ಕ ಮನೆಗಳಲ್ಲಂತೂ ಖಂಡಿತ.

ಇನ್ನೊಂದು ಮಾತು. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ ಮೊದಲು ಹತ್ತನೇ ತಾರೀಕು ಸಂಬಳ ಕೊಡುತ್ತಿದ್ದೆ, ನನ್ನ ಅನುಕೂಲಕ್ಕೆ. ಈಗ ಒಂದನೇ ತಾರೀಕೇ ಕೊಡ್ತೀನಿ. "ಒಟ್ಟಿಗೆ ಬಂದ್ರೆ ತಿಂಗಳ ಸಾಮಾನು ಒಂದೇ ಸಲ ತರ್ಬೋದು, ಚಿಲ್ರೆ ಅಂಗ್ಡಿ ಸಾಲ ಇರಲ್ಲ" ಅಂದಳು. ಇದನ್ನ ಅವಳೇ ಬಾಯಿಬಿಟ್ಟು ಹೇಳೋವರೆಗೆ ನನಗೆ ಹೊಳೆದಿರಲಿಲ್ಲ.

ಈ ಮಾರ್ಚಿನಲ್ಲಿ ಅವ್ವ ಬಸ್ಸಿನ ಡಿಕ್ಕಿಯಲ್ಲಿ ಅರ್ಧ ಚೀಲ ಜೋಳ ಹಾಕಿ ಕಳಿಸಿದಳು. ಗೇಟಿನಲ್ಲಿ ಸೆಕ್ಯೂರಿಟಿಯವರು ಒಳಗೇನಿದೆ ಅಂತ ಬಿಚ್ಚಿಸಿ ನೋಡಿದರು. ಜೋಳವೇನೋ ಮಂಚದ ಕೆಳಗೆ ಕೂತಿತು. ಗಿರಣಿ ಹುಡುಕೋಕೆ ಮೂರು ಭಾನುವಾರ ಹಿಡಿಯಿತು. ಸಿಕ್ಕಿದ್ದು ಆರು ಕಿಲೋಮೀಟರ್ ಆಚೆ, ಅದೂ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುತ್ತೆ. ರಾತ್ರಿ ಅವ್ವನ ಫೋನು ಬಂತು. "ಹಿಟ್ಟ ಐತೇನ?"

"ಐತಿ."

"ರೊಟ್ಟಿ ಬಡ್ಯಾಕ ಬರ್ತೈತೇನ?"

ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.