ಮೂರರಲ್ಲಿ ಮೈಗಳ್ಳ ಯಾರು?

ಮಕ್ಕಳೇ, ಕಾರಿಗೂ ಬಿಕ್ಕಳಿಕೆ ಬರುತ್ತದೆ, ಗೊತ್ತೇ? ಓಡುವ ಗಾಡಿ ಜಗ್ಗಿ ಜಗ್ಗಿ ನಡೆಯುತ್ತದೆ, ನಿಂತರೂ ನಡುಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಯಾವ ಊರಿನ ಗ್ಯಾರೇಜಿನಲ್ಲಿ ಕೇಳಿದರೂ ‘ಮಿಸ್ಸಿಂಗ್’ ಎನ್ನುತ್ತಾರೆ. ಒಂದು ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ.

ಪೆಟ್ರೋಲು ಹೊತ್ತಿಸುವುದು ಸ್ಪಾರ್ಕ್ ಪ್ಲಗ್ಗಿನ ಕಿಡಿ. ಬ್ಯಾಟರಿಯ 12 ವೋಲ್ಟಿಗೆ ಪ್ಲಗ್ಗಿನ ತುದಿಯ ಸಂದಿ ದಾಟುವ ಶಕ್ತಿ ಇಲ್ಲ. ಅದನ್ನು 20,000 ವೋಲ್ಟಿಗೂ ಮೇಲೆ ಏರಿಸುವುದು ಇಗ್ನಿಷನ್ ಕಾಯಿಲ್. ಅದರೊಳಗೆ ಎರಡು ಸುರುಳಿ: ದಪ್ಪ ತಂತಿಯದು ನೂರಾರು ಸುತ್ತು, ಕೂದಲಿನಂಥ ತಂತಿಯದು ಸಾವಿರಾರು ಸುತ್ತು. ಮೊದಲನೆಯದರ ಕರೆಂಟನ್ನು ತಟ್ಟನೆ ಕಡಿದರೆ ಎರಡನೆಯದರಲ್ಲಿ ಭಾರೀ ವೋಲ್ಟೇಜ್ ಹುಟ್ಟುತ್ತದೆ. ಈ ತತ್ವವನ್ನು 1831ರಲ್ಲಿ ಕಂಡವರು ಕಮ್ಮಾರನ ಮಗ ಮೈಕೆಲ್ ಫ್ಯಾರಡೆ.

ಮೊನ್ನೆ ಅಥಣಿಯಿಂದ ಮಿರಜಿಗೆ ಹೊರಟಿದ್ದೆವು. ನಮ್ಮ ಮನೆಯವರ ಕಣ್ಣಿನ ಪೊರೆ ತೆಗೆಸುವುದಿತ್ತು. ಕಾಗವಾಡ ಇನ್ನೂ ಮುಂದಿರುವಾಗಲೇ ಕಾರು ಬಿಕ್ಕಳಿಸಿತು, ಇಂಜಿನ್ ದೀಪ ಮಿಟುಕತೊಡಗಿತು. ಆ ದೀಪ ಮಿಟುಕಿದರೆ ಓಡಿಸಬಾರದು. ಉರಿಯದ ಪೆಟ್ರೋಲು ಹೊಗೆಯ ಕೊಳವೆಗೆ ಹೋಗಿ, ಹೊಗೆ ಶುದ್ಧಮಾಡುವ ಕನ್ವರ್ಟರನ್ನು ಕೆಡಿಸುತ್ತದೆ. ಕಬ್ಬಿನ ಹೊಲದ ಬದಿಗೆ ನಿಲ್ಲಿಸಿದೆ.

“ಹತ್ತಕ್ಕ ದವಾಖಾನ್ಯಾಗ ಇರಬೇಕ್ರಿ,” ಎಂದರು ಮನೆಯವರು.

“ಅಜ್ಜಾ, ಪೆಟ್ರೋಲ್ ಮುಗೀತೇನು?” ಎಂದಳು ಮೊಮ್ಮಗಳು.

“ಪೆಟ್ರೋಲ್ ಐತಿ ಯವ್ವಾ. ಮೂರು ಮಂದಿ ಎಳಿಯೂ ಕಡೆ ಇಬ್ಬರ ಎಳ್ಯಾಕತ್ತಾರ. ಮೈಗಳ್ಳ ಯಾರು ಹುಡುಕೂಣು.”

ನಮ್ಮದು ಮೂರು ಸಿಲಿಂಡರಿನ ಗಾಡಿ, ಒಂದೊಂದಕ್ಕೂ ಒಂದೊಂದು ಕಾಯಿಲ್. ಇಂಜಿನ್ ಬಂದ್ ಮಾಡಿ, ಒಂದನೇ ಕಾಯಿಲಿನ ವೈರ್ ಬಿಡಿಸಿ, ಸ್ವಲ್ಪ ಹೊತ್ತು ಚಾಲೂ ಮಾಡಿದೆ. ನಡುಕ ಹೆಚ್ಚಿತು. ಅಂದರೆ ಅದು ದುಡಿಯುತ್ತಿತ್ತು. ಅದನ್ನು ಮತ್ತೆ ಜೋಡಿಸಿ, ಎರಡನೆಯದನ್ನು ಬಿಡಿಸಿದರೆ ಏನೂ ವ್ಯತ್ಯಾಸವಿಲ್ಲ. ಮೈಗಳ್ಳ ಸಿಕ್ಕ! ಆದರೆ ದೋಷ ಕಾಯಿಲಿನದೋ, ಪ್ಲಗ್ಗಿನದೋ? ಹತ್ತು ನಂಬರಿನ ಪಾನಾದಿಂದ ಬಿಚ್ಚಿ, ಆ ಎರಡು ಕಾಯಿಲುಗಳನ್ನು ಅದಲುಬದಲು ಮಾಡಿ ಮತ್ತೆ ಹಾಗೆಯೇ ಪರೀಕ್ಷಿಸಿದೆ. ಈಗ ಎರಡನೆಯದು ದುಡಿಯುತ್ತಿತ್ತು, ಒಂದನೆಯದು ಮಲಗಿತ್ತು. ರೋಗ ಕಾಯಿಲಿನ ಜೊತೆಗೇ ಹೋಗಿತ್ತು.

ಪ್ಲಗ್ಗುಗಳನ್ನೂ ಬಿಚ್ಚಿ ನೋಡಿದೆ. ತುದಿ ಸವೆದು ಸಂದಿ ಅಗಲವಾಗಿತ್ತು. ಅಗಲವಾದ ಸಂದಿ ದಾಟಿಸಲು ಕಾಯಿಲ್ ಹೆಚ್ಚು ಹೆಣಗಬೇಕು, ಬೇಗ ಕೆಡುತ್ತದೆ. ಒಳಗೆಲ್ಲ ರಾಳ ತುಂಬಿ ಮುಚ್ಚಿರುವುದರಿಂದ ಅದನ್ನು ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ. ಕಾಗವಾಡದ ಗ್ಯಾರೇಜಿಗೆ ಫೋನ್ ಮಾಡಿ, “ಒಂದು ಕಾಯಿಲ್, ಮೂರು ಪ್ಲಗ್,” ಎಂದೆ. ಹುಡುಗ ಬೈಕಿನ ಮೇಲೆ ತಂದುಕೊಟ್ಟ. ಮಿರಜ್ ಮುಟ್ಟಿದಾಗ ನಮ್ಮ ಸರದಿ ಇನ್ನೂ ಬಂದಿರಲಿಲ್ಲ.

ಮಕ್ಕಳೇ, ಇಂಜಿನ್ ನಡೆಯುವಾಗ ಕಾಯಿಲಿಗೆ ಕೈ ಹಚ್ಚಬೇಡಿ, ಅದು ದೊಡ್ಡವರ ಕೆಲಸ. ನಿಮಗೆ ಈ ವಾರದ ಕೆಲಸ ಬೇರೆ ಇದೆ. ಮನೆಯ ಟಿವಿ ರಿಮೋಟ್ ನಡೆಯದಿದ್ದರೆ, ಅದೇ ಅಳತೆಯ ಸೆಲ್ ಇರುವ ಇನ್ನೊಂದು ರಿಮೋಟಿನ ಸೆಲ್ಲುಗಳೊಂದಿಗೆ ಅದಲುಬದಲು ಮಾಡಿ. ದೋಷ ಸೆಲ್ಲಿನ ಜೊತೆ ಹೋಯಿತೋ, ರಿಮೋಟಿನಲ್ಲೇ ಉಳಿಯಿತೋ? ನೋಡಿ, ಅಜ್ಜ–ಅಜ್ಜಿಗೆ ಹೇಳಿ. ಆಮೇಲೆ ಅಂಗಡಿಗೆ ಹೋಗಿ.