ಹಸಿವಿಲ್ಲದ ಮರಿ

ಜಪಾನಿನ ತಕನೋರಿ ಶಿಬಾಟಾ ಎಂಬ ವಿಜ್ಞಾನಿ ‘ಪಾರೊ’ ಎಂಬ ಯಂತ್ರ ಮಾಡಿದ್ದಾರೆ. ಸೀಲ್ ಎಂಬ ಕಡಲಪ್ರಾಣಿಯ ಮರಿಯ ರೂಪ, ಬಿಳಿ ತುಪ್ಪಳ. ಸವರಿದರೆ ಕಣ್ಣು ಮಿಟುಕಿಸುತ್ತದೆ, ಕುಂಯ್‌ಗುಟ್ಟುತ್ತದೆ. ಮರೆವಿನ ಕಾಯಿಲೆಯ ವೃದ್ಧರು ಅದನ್ನು ತೊಡೆಯ ಮೇಲಿಟ್ಟುಕೊಂಡು ಸಮಾಧಾನಗೊಳ್ಳುತ್ತಾರೆ. ಅಮೆರಿಕ 2009ರಲ್ಲಿ ಅದನ್ನು ವೈದ್ಯಕೀಯ ಸಾಧನವೆಂದೇ ಒಪ್ಪಿತು. ಆ ಸಮಾಧಾನ ಸುಳ್ಳೆಂದು ನಾನು ಹೇಳಲಾರೆ.

ಆದರೆ “ಅನ್ನ ಹಾಕಬೇಕಿಲ್ಲ, ಗಲೀಜು ಬಳಿಯಬೇಕಿಲ್ಲ” ಎಂದು ಇಂಥವನ್ನು ಹೊಗಳುತ್ತಾರಲ್ಲ, ನನ್ನ ತಕರಾರು ಅಲ್ಲೇ. ಕೊನೆಗಾಲದಲ್ಲಿ ನಮ್ಮತ್ತೆಗೆ ನಮ್ಮ ಹೆಸರೇ ಮರೆತುಹೋಗಿತ್ತು. ಹಿತ್ತಿಲಲ್ಲಿ ಬೆಕ್ಕು ಕೂಗಿದರೆ ಮಾತ್ರ “ಅದಕ್ಕೆ ಹಾಲು ಹಾಕಿದೆಯೇನೇ?” ಎಂದು ಎದ್ದು ಕೂರುತ್ತಿದ್ದರು. ಜೀವಮಾನವೆಲ್ಲ ಬಡಿಸಿದ ಕೈ ಅದು. ತನ್ನನ್ನು ನಂಬಿದ ಒಂದು ಹೊಟ್ಟೆ ಇದೆಯೆಂಬುದೇ ಅದಕ್ಕೆ ಬಲ.

ಪಾರೊ ಮಾಡಿದವರಿಗೂ ಇದು ಗೊತ್ತಿರಬೇಕು. ಅದಕ್ಕೆ ಕರೆಂಟು ತುಂಬುವ ತಂತಿಯ ತುದಿ ಮಕ್ಕಳು ಚೀಪುವ ನಿಪ್ಪಲಿನಂತಿದೆ. ಹಸಿವಿಲ್ಲದ್ದಕ್ಕೂ ಹಸಿವಿನ ವೇಷ ಹಾಕಬೇಕಾಯಿತು!

ನಾಳೆ ಇಂಥದ್ದು ನಮ್ಮ ಮನೆಗಳಿಗೂ ಬಂದೀತು. ಬರಲಿ. ಆದರೆ ಅದನ್ನು ಅಮ್ಮನ ಮಡಿಲಿಗೆ ಹಾಕಿ, ಬಾಗಿಲೆಳೆದುಕೊಂಡು ಹೊರಟುಬಿಡಬೇಡಿ. ಒಂದು ಗಳಿಗೆ ಎದುರು ಕುಳಿತು “ಅಮ್ಮಾ, ಹಸಿವಾಗ್ತಿದೆ” ಎನ್ನಿ. ಆ ಮಾತು ಯಂತ್ರಕ್ಕೆ ಬಾರದು.