ಕ್ಯಾಸೆಟ್ಟುಗಳನ್ನು ತಿಪ್ಪೆಗೆಸೆಯುವ ಮುನ್ನ

ಶ್ರಾವಣಮಾಸದ ಪುರಾಣ ಪ್ರವಚನಗಳನ್ನೂ ಭಜನಾಮೇಳಗಳ ತತ್ತ್ವಪದಗಳನ್ನೂ ನಮ್ಮ ಹಳ್ಳಿಗಳ ಭಕ್ತರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟುಕೊಂಡ ಕಾಲವೊಂದಿತ್ತು. ಅಂದು ಹಾಡಿದವರಲ್ಲಿ, ಹೇಳಿದವರಲ್ಲಿ ಬಹುಮಂದಿ ಇಂದು ನಮ್ಮೊಡನಿಲ್ಲ. ಉಳಿದಿರುವುದು ಅವರ ಧ್ವನಿ. ಅದೂ ಅಟ್ಟದ ಮೇಲಿನ ಟ್ರಂಕಿನಲ್ಲಿ. ಅದನ್ನು ಗಣಕಯಂತ್ರಕ್ಕೆ ಇಳಿಸುವ ಉತ್ಸಾಹ ಈಗ ಅಲ್ಲಲ್ಲಿ ಮೂಡಿರುವುದು ಸಂತೋಷದ ಸಂಗತಿಯೇ. ಆದರೆ "ಇಳಿಸಿಯಾಯಿತಲ್ಲ, ಇನ್ನು ಈ ಕಸವೇಕೆ?" ಎಂಬ ಮಾತು ಅದರ ಬೆನ್ನಿಗೇ ಕೇಳಿಬರುತ್ತಿದೆ. ಇದನ್ನು ನಾವು ಖಂಡಿಸದೆ ಇರಲಾರೆವು.

ಮಹನೀಯರೇ, ಇಳಿಸಿದ್ದು ಹೇಗೆ? ಅಗ್ಗದ ಯಂತ್ರವೊಂದಕ್ಕೆ ಕ್ಯಾಸೆಟ್ಟನ್ನು ತುರುಕಿ ಎಂಪಿ3 ಮಾಡಿದ್ದೀರಿ. ಕಿವಿಗೆ ಕೇಳಿಸದೆಂದು ತಾನೇ ಎಣಿಸಿದ ಧ್ವನಿಭಾಗವನ್ನು ಕಿತ್ತೊಗೆಯುವುದು ಈ ಎಂಪಿ3ಯ ಸ್ವಭಾವ. ಒಂದು ಗಂಟೆಯ ಧ್ವನಿ ಅದರಲ್ಲಿ ಸಾಮಾನ್ಯವಾಗಿ 58 ಮೆಗಾಬೈಟಿನಷ್ಟಾಗುತ್ತದೆ. 96 ಕಿಲೋಹರ್ಟ್ಸ್, 24 ಬಿಟ್ಟಿನ ಪೂರ್ಣಪ್ರತಿಗಾದರೋ ಸುಮಾರು 2 ಗಿಗಾಬೈಟು ಬೇಕು. ಇದು ದುಬಾರಿಯೆನ್ನುವಿರಾ? ಒಂದು ಟೆರಾಬೈಟಿನ ತಟ್ಟೆಯಲ್ಲಿ ಇಂಥ 480 ಗಂಟೆಗಳು ಹಿಡಿಯುತ್ತವೆ. ಜಾತ್ರೆಯ ಪಟಾಕಿಗೆ ಸುಡುವ ಹಣ ಇದಕ್ಕೆ ಸಾಲದೆ?

ಇನ್ನು ಟೇಪಿನ ಮುಖ. ಧ್ವನಿಮುದ್ರಿಸಿದ ಯಂತ್ರದ ಹೆಡ್ಡಿನ ಕೋನಕ್ಕೂ ನುಡಿಸುವ ಯಂತ್ರದ ಹೆಡ್ಡಿನ ಕೋನಕ್ಕೂ ಕೂದಲೆಳೆಯಷ್ಟು ಅಂತರವಿದ್ದರೂ ತಾಳದ ಕಿಣಿಕಿಣಿ ಮಂಕಾಗುತ್ತದೆ, ಸಕಾರ ಶಕಾರಗಳು ಮಬ್ಬಾಗುತ್ತವೆ. ಚಿಕ್ಕ ತಿರುಪೊಂದನ್ನು ತಿರುಗಿಸಿ ಸರಿಪಡಿಸಬಹುದಾದ ದೋಷವಿದು. ಇದನ್ನು ಬಿಟ್ಟು "ಸದ್ದು ತೆಗೆಯುತ್ತೇವೆ" ಎಂದು ಹೊರಡುವವರ ಸಾಹಸ ಬೇರೆ! ಟೇಪಿನ ಸುಂಯ್‌ಕಾರದೊಡನೆ ಏಕತಾರಿಯ ಶ್ರುತಿಯನ್ನೂ ನುಂಗಿಹಾಕಿದ ಪ್ರತಿಗಳನ್ನು ನಾವು ಕೇಳಿದ್ದೇವೆ. ಮೊದಲು ಇದ್ದಂತೆಯೇ ಒಂದು ಪ್ರತಿ ಇರಲಿ, ಅಲಂಕಾರವೇನಿದ್ದರೂ ಎರಡನೆಯದಕ್ಕೆ.

"ಟೇಪು ಹೇಗೂ ಹಾಳಾಗುತ್ತದೆ" ಎಂಬ ವಾದವೊಂದುಂಟು. ನಿಜ. ಆದರೆ ಹಾಳಾದ ಟೇಪು ತೊದಲಿಯಾದರೂ ನುಡಿಯುತ್ತದೆ. ಕೆಟ್ಟುಹೋದ ಗಣಕದ ತಟ್ಟೆ ಮೂಕ. ಹಾಗೆಂದು ಕ್ಯಾಸೆಟ್ಟುಗಳಿಗೆ ವಿಭೂತಿ ಹಚ್ಚಿ ಬೀಗದೊಳಗಿಟ್ಟು ಪೂಜಿಸುವ ಹಿರಿಯರನ್ನೂ ನಾವು ಒಪ್ಪೆವು. 1963ರಲ್ಲಿ ಫಿಲಿಪ್ಸ್ ಹೊರತಂದ ಈ ಸಾಧನಕ್ಕೆ ಒಳ್ಳೆಯ ಡೆಕ್ಕುಗಳ ತಯಾರಿಕೆ ಬಹುಮಟ್ಟಿಗೆ ನಿಂತಿದೆ. ಕಾಂತಟೇಪುಗಳ ಬಗೆಗೆ ಯುನೆಸ್ಕೊ 2019ರಲ್ಲೇ ಎಚ್ಚರಿಕೆ ಕೊಟ್ಟಿದೆ. ಬೀಗದೊಳಗೆ ಬೂಷ್ಟು ಹಿಡಿಯುವುದು ಭಕ್ತಿಗೆ ಹೆದರಿ ನಿಲ್ಲುವುದಿಲ್ಲ.

ನಮ್ಮ ಮನೆಯಲ್ಲಿಯೇ ಪ್ರವಚನವೊಂದರ ಮೇಲೆ ಹುಡುಗರು ಸಿನಿಮಾ ಹಾಡು ತುಂಬಿಸಿದ್ದುಂಟು. ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದಿದ್ದರೆ ಈ ಅನಾಹುತವಾಗುತ್ತಿರಲಿಲ್ಲ. ಈಗಲಾದರೂ ಮೊದಲು ಆ ಚೂರುಗಳನ್ನು ಮುರಿಯಿರಿ. ಅರವತ್ತು ನಿಮಿಷದ ಟೇಪಿಗೆ ಅರವತ್ತು ನಿಮಿಷವೂ ಕುಳಿತು ಕೇಳಿರಿ. ಡಬ್ಬಿಯ ಚೀಟಿಯಲ್ಲಿ ಊರು, ವರ್ಷ, ಹೆಸರುಗಳು ಅಳಿಸಿಹೋಗಿದ್ದರೆ ಆ ಧ್ವನಿಯನ್ನು ಗುರುತಿಸಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಟೇಪನ್ನು ನುಡಿಸಿರಿ.